ಒಂದು ವರ್ಷದ ಖಾರ

ಫೆಬ್ರವರಿ ೧೨, ಗುರುವಾರ

ಇದು ಕಾಲೇಜಿನವರು ಹೋದ ವರ್ಷ ಕೊಟ್ಟ ಡೈರಿ. ಖಾಲಿ ಉಳಿದಿತ್ತು. ವಾರಗಳನ್ನು ತಿದ್ದಿಕೊಂಡು ಬರೆದರಾಯಿತು. ಆ ಕಾಲೇಜಿಗೆ ಈಗ ನಾನು ಬೇಡವಾಗಿದ್ದೇನೆ. ಕನ್ನಡ ಎಂ.ಎ.ಗೆ ಮಕ್ಕಳು ಬರುತ್ತಿಲ್ಲವೆಂದು ಅತಿಥಿ ಉಪನ್ಯಾಸಕರನ್ನು ಡಿಸೆಂಬರಿನಲ್ಲೇ ಬಿಡಿಸಿದರು. ಜನವರಿಯಲ್ಲಿ ಜ್ವರ. ಜ್ವರ ಹೋಗುವಾಗ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೆ ಒಯ್ದಿತು. ಡಾಕ್ಟರು "ಬರತದ, ಟೈಮ್ ಕೊಡ್ರಿ" ಎಂದರು. ಎಷ್ಟು ಟೈಮು ಎಂದು ಕೇಳಿದರೆ ಅಂಗೈ ತಿರುವಿ ತೋರಿಸಿದರು.

ಅಡುಗೆ ಅಳತೆಯ ಮೇಲೆ ನಡೆದಿದೆ. ಗಂಡ ರಮಾಕಾಂತರು ಉಂಡು "ಸರಿ ಅದ" ಎನ್ನುತ್ತಾರೆ, ನಾನು ನಂಬುತ್ತೇನೆ. ಕವಿತೆಯ ಪುಸ್ತಕಗಳದ್ದೂ ಅದೇ ಪಾಡು. ತೆರೆಯುತ್ತೇನೆ, ಅರ್ಥವಾಗುತ್ತದೆ, ಮತ್ತೇನೂ ಆಗುವುದಿಲ್ಲ.

ಸಂಜೆ ಎದುರು ಮನೆಯ ರೂತಬಾಯಿ ಬಂದಿದ್ದರು. ನರ್ಸಾಗಿ ನಿವೃತ್ತರಾದವರು. ಓಣಿಗೆಲ್ಲ ಸಿಸ್ಟರ್.

"ಮನ್ಯಾಗ ಕುಂತು ಗ್ವಾಡಿ ನೋಡೂ ಬದ್ಲಿ ನಮ್ಮ ಚರ್ಚಿಗೆ ಬಾ ಗಾರ್ಗಿ. ಪ್ರಾರ್ಥನಾಕ್ಕಲ್ಲ, ಹೆದರಬ್ಯಾಡ. ನಮ್ಮ ಹೆಣಮಕ್ಕಳು ಛಲೋ ಮಾಡ್ತಾರ, ಮಾರಾಕ ಬರಂಗಿಲ್ಲ. ಗಿರಾಕಿ ಜೋಡಿ ಹೆಂಗ ಮಾತಾಡಬೇಕು, ಪಾಕೀಟಿನ ಮ್ಯಾಲೆ ಏನ ಬರೀಬೇಕು, ಅಷ್ಟ ಹೇಳಿಕೊಡು."

ಈಸ್ಟರ್‌ತನಕ ಮಾತ್ರ ಎಂದು ಒಪ್ಪಿಕೊಂಡೆ.

ಫೆಬ್ರವರಿ ೧೮, ಬುಧವಾರ

ಹೋಗಿಬಂದೆ. ಕೇಶ್ವಾಪುರದ ಈ ಚರ್ಚಿನ ಮುಂದೆ ವರ್ಷಗಟ್ಟಲೆ ಓಡಾಡಿದ್ದೇನೆ, ಹಿಂದೆ ಇಷ್ಟು ದೊಡ್ಡ ಊಟದ ಹಾಲ್ ಇದೆಯೆಂದು ಗೊತ್ತಿರಲಿಲ್ಲ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಅದರ ಅಡುಗೆಮನೆಯನ್ನು ಸುತ್ತಲಿನ ಬಡ ಹೆಣ್ಣುಮಕ್ಕಳ ವ್ಯಾಪಾರಕ್ಕೆ ಬಿಟ್ಟುಕೊಡುತ್ತಾರೆ. ಒಲೆ, ಗ್ಯಾಸು, ನೀರು ಚರ್ಚಿನ ಸಭೆಯದು. ದುಡಿಮೆ, ಲಾಭ ಅವರದು. ಕೊಳ್ಳುವವರೂ ಹೆಚ್ಚಾಗಿ ಸಭೆಯವರೇ. ಜಾತಿ ಕೇಳುವುದಿಲ್ಲ. ಒಂದೇ ಶರತ್ತು: ಬುಧವಾರ ಮಧ್ಯಾಹ್ನ ಎಲ್ಲರೂ ಗುಂಡಗೆ ಕೂತು, ಒಬ್ಬೊಬ್ಬರೇ ಎದ್ದು ನಿಂತು, ವಾರದ ವ್ಯಾಪಾರದಲ್ಲಿ ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ಅದಕ್ಕೆ ಅವರು ಸಾಕ್ಷಿ ಎನ್ನುತ್ತಾರೆ.

"ಮೊದಲನೇ ವಾರ ನಾ ಹೆದರಿ ಬಿಟ್ಟಿದ್ದೆ," ಎಂದಳು ಹಾಜರಾಬಿ ಎಂಬ ಮುದುಕಿ. "ಸಾಕ್ಷಿ ಅಂದ್ರ ಕೋರ್ಟ್ ಕಚೇರಿ ಇರಬೇಕು, ನಮ್ಮ ಹುಡುಗ ಏನ ಮಾಡ್ಕೊಂಡನೋ ಅಂತ."

ಎಲ್ಲರೂ ನಕ್ಕರು. ಅವಳ ಸೊಸೆ ಹುಸ್ನಾ ನಗಲಿಲ್ಲ. ಮೂವತ್ತರ ಆಸುಪಾಸು, ತೆಳ್ಳಗೆ, ಯಾವಾಗಲೂ ಏನನ್ನೋ ಎತ್ತಿಡುತ್ತಿರುವ ಕೈ. ಗಂಡ ಮಕಬೂಲಸಾಬ ಗ್ಯಾರೇಜಿನಲ್ಲಿದ್ದವನು, ಬೆನ್ನು ಹಿಡಿದು ಮನೆಯಲ್ಲಿದ್ದಾನೆ. ಅತ್ತೆ ಸೊಸೆ ಮಸಾಲಿ ಖಾರ ಮಾಡುತ್ತಾರೆ. ಸಭೆಯ ಕುಟುಂಬಗಳು ಈ ಸಲ ವರ್ಷದ ಖಾರವನ್ನು ಇವರಿಗೇ ಮಾಡಲು ಹೇಳಿವೆ.

ಹುಸ್ನಾ ಎದ್ದು ನಿಂತು ಹೇಳಿದ್ದು ಇಷ್ಟು: "ಬೈರಿದೇವರಕೊಪ್ಪದಾಗ ನಾವಿರೂ ಖೋಲಿ ಮಾಲಕರು, ಇನ್ನ ಮುಂದ ಇಲ್ಲಿ ಮೆಣಸಿನಕಾಯಿ ಹುರದ್ರ ಮನಿ ಖಾಲಿ ಮಾಡ್ರಿ ಅಂದಾರ. ಮಂದಿ ಕೆಮ್ಮತಾರಂತ. ಈಸ್ಟರ್ ಆದ ಮ್ಯಾಲ ಇಲ್ಲೂ ಮದುವಿ ಚಾಲೂ ಆಗ್ತಾವ. ಆಮ್ಯಾಲ ನಮಗ ಒಲಿ ಇಲ್ಲ. ಕಂಪೌಂಡಿನ ಖೋಲಿ ನಮಗ ಕೊಡ್ರಿ ಅಂತ ಕೇಳೇನಿ."

ಕಂಪೌಂಡ್ ಗೋಡೆಗೆ ಹತ್ತಿಕೊಂಡು ರಸ್ತೆಗೆ ಮುಖಮಾಡಿದ ಒಂದು ಖೋಲಿಯಿದೆ. ಮೊದಲು ಧರ್ಮಪುಸ್ತಕಗಳ ಅಂಗಡಿಯಿತ್ತಂತೆ. ಈಸ್ಟರ್ ಹೊತ್ತಿಗೆ ಸಭೆಯ ಕಮಿಟಿ ಅದನ್ನು ಯಾರಿಗೆ ಕೊಡುವುದೆಂದು ತೀರ್ಮಾನಿಸುತ್ತದೆ. ಕಮಿಟಿಯ ಹಿರಿಯರು ದಾನಿಯೇಲಪ್ಪನವರು, ಬಿಳಿ ಮೀಸೆ, ಇಸ್ತ್ರಿ ಅಂಗಿ. "ಈ ವರ್ಷದ ಖಾರ ನೋಡೋಣು," ಎಂದಷ್ಟೇ ಹೇಳಿ ಹೊರಟರು.

ಫೆಬ್ರವರಿ ೨೩, ಸೋಮವಾರ

ಈ ಹೆಂಗಸರಿಗೆ ತಮ್ಮ ಮಾಲನ್ನು ಹೊಗಳಲು ಬರುವುದಿಲ್ಲ. ಸುಳ್ಳ ಎಂಬ ಹಳ್ಳಿಯಿಂದ ರೊಟ್ಟಿ ತರುವ ಹುಲಿಗೆವ್ವನಿಗೆ "ನಿಮ್ಮ ರೊಟ್ಟಿಯ ವಿಶೇಷವೇನು" ಎಂದು ಕೇಳಿದೆ. "ತಿನ್ನಾಕ ಬರತಾವ್ರಿ," ಎಂದಳು.

ಮಧ್ಯಾಹ್ನ ಹಾಜರಾಬಿ ಒಂದು ತಕರಾರು ಎತ್ತಿದಳು. ಖಾರ ಕಲಸುವುದು ಹಗಲಿನಲ್ಲಿ. ಸಂಜೆ ಐದಕ್ಕೆ ಲೆಂಟ್ ಉಪವಾಸದ ಪ್ರಾರ್ಥನೆಗೆ ಜನ ಬರುತ್ತಾರೆ, ಅಷ್ಟರಲ್ಲಿ ಕಟ್ಟಿ ಕೊಡಬೇಕು. ಅವಳಿಗೂ ಹುಸ್ನಾಗೂ ರಮಜಾನಿನ ರೋಜಾ. ಸಿಸ್ಟರ್ ಈಸ್ಟರ್‌ತನಕ ಹಗಲು ನೀರು ಬಿಟ್ಟು ಏನೂ ಮುಟ್ಟುವುದಿಲ್ಲ.

"ಉಪ್ಪು ನೋಡಾವರು ಯಾರು? ವರ್ಷದ ಖಾರ ಅದು. ಕಮ್ಮಿ ಬಿದ್ರ ಹುಳ ಬೀಳತಾವ, ಹೆಚ್ಚ ಬಿದ್ರ ವರ್ಷಾನಗಟ್ಟಲೆ ಬೈಸ್ಕೋಬೇಕು. ನೀ ನೋಡವಾ ಹುಲಿಗೆವ್ವಾ."

"ಯವ್ವಾ, ನನ್ನ ಬಾಯಾಗ ಮುಂಜಾನಿಂದ ಸಂಜೀತನಾ ತಂಬಾಕ. ಸಕ್ಕರಿ ಯಾವುದು ಸುಣ್ಣ ಯಾವುದು ನನಗ ತಿಳಿಯಂಗಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. "ಅಕ್ಕೋರು ಅದಾರಲ್ಲ," ಎಂದಳು ಹುಸ್ನಾ. "ಧಾರವಾಡ ಕಡೆ ಮಂದಿ, ನಾಲಿಗಿ ಛಲೋ ಇರತೈತಿ."

ನಾನು ಹೂಂ ಎಂದೆ.

ಯಾಕೆ ಎಂದೆ? ಇಲ್ಲ ಎನ್ನಲು ಬಾಯಿ ತೆರೆದದ್ದು ನೆನಪಿದೆ. ಅಳತೆ ಕಟ್ಟುನಿಟ್ಟಾಗಿ ಇದ್ದರೆ ರುಚಿ ನೋಡುವುದು ಬರೀ ಸಂಪ್ರದಾಯ, ಅಷ್ಟೇ. ನಾನು ಹೇಗೂ ಅಳತೆಯ ಮೇಲೆ ಕಣ್ಣಿಡುತ್ತೇನೆ.

ಫೆಬ್ರವರಿ ೨೭, ಶುಕ್ರವಾರ

ದಣಿವು, ಆದರೆ ಒಳ್ಳೆಯ ದಣಿವು.

ಬ್ಯಾಡಗಿ ಮೆಣಸಿನಕಾಯಿ ಎಣ್ಣೆ ಸವರಿಸಿಕೊಂಡು ಬಾಣಲೆಗೆ ಬಿದ್ದರೆ ಬಣ್ಣವೇ ಬೇರೆ. ಕೊತ್ತಂಬರಿ ಬೀಜ, ಒಣಕೊಬ್ಬರಿ, ಬಳ್ಳೊಳ್ಳಿ, ಕೆಂಪಗೆ ಕರಿದ ಉಳ್ಳಾಗಡ್ಡಿ. ಎಲ್ಲರೂ ಸೆರಗಿನಿಂದ ಮೂಗು ಮುಚ್ಚಿಕೊಂಡಾಗ ನಾನೂ ಮುಚ್ಚಿಕೊಂಡೆ. ಹುಸ್ನಾ ಹಿಂದಿನ ಓಣಿಯ ಶಂಭುಲಿಂಗಣ್ಣನ ಖಾರದ ಗಿರಣಿಗೆ ಹೊರೆ ಹೊರೆಯಾಗಿ ಒಯ್ದು ಕುಟ್ಟಿಸಿ ತಂದಳು. ಹಾಜರಾಬಿ ದೊಡ್ಡ ಬುಟ್ಟಿಯಲ್ಲಿ ಕಲಸಿದಳು. ಉಪ್ಪು ಹಾಕುವಾಗ ಅಳತೆ ನೋಡಿದೆ. ಸರಿಯಿತ್ತು.

ಚಿಟಿಕೆ ಖಾರ ನನ್ನ ಅಂಗೈಗೆ ಬಂತು. ನಾಲಿಗೆಗಿಟ್ಟೆ. ಉರಿ ಗೊತ್ತಾಯಿತು, ಕಣ್ಣಲ್ಲಿ ನೀರು ಬಂತು. ಉರಿಗೆ ರುಚಿ ಬೇಕಿಲ್ಲ. ಉಪ್ಪು ಇದೆಯೋ ಇಲ್ಲವೋ ತಿಳಿಯಲಿಲ್ಲ, ಮಣ್ಣು ನೆಕ್ಕಿದರೂ ಅಷ್ಟೇ.

"ಉಪ್ಪು ಹೆಂಗೈತ್ರಿ?"

"ಸರಿ ಅದ," ಎಂದೆ.

"ಅಲ್ಲಾ ನಿಮ್ಮ ನಾಲಿಗಿ ತಂಪ ಇಡಲಿ," ಎಂದಳು ಹಾಜರಾಬಿ. ಸಂಜೆ ಸಭೆಯವರು ಡಬ್ಬಿ ಡಬ್ಬಿ ಒಯ್ದರು. ದಾನಿಯೇಲಪ್ಪನವರು ಬಣ್ಣ ನೋಡಿ ತಲೆದೂಗಿದರು. ಪಾಕೀಟಿನ ಮೇಲೆ ನಾನು ಬರೆದ ಎರಡು ಸಾಲನ್ನು ಸಿಸ್ಟರ್ ಗಟ್ಟಿಯಾಗಿ ಓದಿ ಹೇಳಿದರು.

ಮಾರ್ಚ್ ೩, ಮಂಗಳವಾರ

ಖಾರ ಉಪ್ಪಾಗಿದೆ. ಬರೀ ಉಪ್ಪು. ದಾನಿಯೇಲಪ್ಪನವರ ಮನೆಯ ಸಾರು ಯಾರಿಗೂ ಉಣ್ಣಲಾಗಲಿಲ್ಲವಂತೆ. ಎಲ್ಲರ ಮನೆಯಿಂದಲೂ ಅದೇ ಮಾತು. ಸಿಸ್ಟರ್ ಫೋನಿನಲ್ಲಿ ಹೇಳಿ, "ನೀ ನೋಡಿದಾಗ ಸರಿ ಇತ್ತಲ್ಲ ಗಾರ್ಗಿ?" ಎಂದರು.

"ಹೂಂ," ಎಂದೆ.

ಮಾರ್ಚ್ ೪, ಬುಧವಾರ

ಹಾಜರಾಬಿ ಎದ್ದು ನಿಂತು, "ಕಲಸುವಾಗ ಉಪ್ಪು ನಾ ಹಾಕೇನಿ," ಎಂದಳು. ಹುಸ್ನಾ ಕೂತಲ್ಲಿಂದಲೇ ತಲೆ ಎತ್ತಿದಳು. "ನಾ ಹುರಿದ ಉಪ್ಪು ಮಸಾಲಿ ಜೋಡಿನ ಗಿರಣಿಗೆ ಒಯ್ದು ಕುಟ್ಟಿಸೇನಿ."

"ನನಗ್ಯಾಕ ಹೇಳಲಿಲ್ಲ?"

"ವರ್ಷಾ ನೀವ ಹಂಗ ಮಾಡು ಅಂತೀರಲ್ಲ ಅಮ್ಮಿ!"

"ಎರಡ ಸಲ ಬಿದ್ದಿದ್ರ ಅಕ್ಕೋರಿಗೆ ತಿಳೀತಿದ್ದಿಲ್ಲೇನ? ಅವರು ನೋಡಿದಾಗ ಸರಿ ಇತ್ತು. ಅವರು ನೋಡಿದ ಮ್ಯಾಲೆ ನೀ ಮತ್ತ ಹಾಕಿದಿ. ನನ್ನ ಮ್ಯಾಲಿನ ಸಿಟ್ಟು ಉಪ್ಪಿನ ಮ್ಯಾಲೆ ತೀರಿಸಿದಿ."

ಹುಸ್ನಾ ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತಳು. ದಾನಿಯೇಲಪ್ಪನವರು ಖೋಲಿಯ ಮಾತು ಈಗ ಬೇಡ ಎಂದರು. ಝೆರಾಕ್ಸ್ ಅಂಗಡಿಯವರೂ ಕೇಳುತ್ತಿದ್ದಾರಂತೆ.

ನಾನು ಹೇಳಬಹುದಿತ್ತು. ಅಷ್ಟು ಜನರ ನಡುವೆ ಹೇಳಿದರೆ ಅವರಿಬ್ಬರಿಗೆ ಇನ್ನಷ್ಟು ಮುಜುಗರ ಆಗುತ್ತಿತ್ತು. ಒಬ್ಬೊಬ್ಬರಿಗೇ ಬೇರೆಯಾಗಿ ಹೇಳುವುದು ಒಳ್ಳೆಯದು.

ಮಾರ್ಚ್ ೫, ಗುರುವಾರ

ಹೇಳಲಿಲ್ಲ.

ಮಾರ್ಚ್ ೮, ಭಾನುವಾರ

ಬರೆಯಲೇಬೇಕೇ? ಬರೆದುಬಿಡುತ್ತೇನೆ.

ಪ್ರಾರ್ಥನೆ ಬಿಟ್ಟ ಮೇಲೆ ಅಂಗಳದಲ್ಲಿ ಟೇಬಲ್ ಹಾಕಿದ್ದೆವು. ಹುಲಿಗೆವ್ವನ ರೊಟ್ಟಿ ಖಾಲಿಯಾದವು, ಹುಸ್ನಾಳ ಹತ್ತಿರ ಯಾರೂ ಬರಲಿಲ್ಲ. ಅತ್ತೆ ಸೊಸೆ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ರಮಾಕಾಂತರು ನನ್ನನ್ನು ಕರೆದೊಯ್ಯಲು ಸ್ಕೂಟರ್ ಮೇಲೆ ಬಂದರು. ದಾನಿಯೇಲಪ್ಪನವರು ಯಾರಿಗೋ ಹೇಳುತ್ತಿದ್ದರು: "ಗಾರ್ಗಿ ಮೇಡಮ್ಮಾರು ಸ್ವತಃ ರುಚಿ ನೋಡಿ ಕೊಟ್ಟಾರ. ಅವರಂಥಾ ಓದಿದವರು ಸುಳ್ಳ ಹೇಳ್ತಾರೇನು? ತಪ್ಪು ಇವರದ."

ರಮಾಕಾಂತರು ನಕ್ಕೇಬಿಟ್ಟರು. "ಯಾರು, ಇಕೀನ? ಇಕೀಗೆ ಎಲ್ಲೀ ರುಚಿ ತಗೊಂಡ ಕೂತೀರಿ! ಜನವರಿಯಿಂದ ನಾಲಿಗಿ ರಜಾದ ಮ್ಯಾಲೆ ಅದ. ಮೊನ್ನೆ ಚಹಾದಾಗ ಸಕ್ಕರಿ ಬದ್ಲಿ ಉಪ್ಪು ಹಾಕಿ ಕೊಟ್ಲು. ನಾ ಉಗುಳಿದೆ, ತಾ ಪೂರ್ತಿ ಕುಡದ್ಲು."

ಖಾರದ ವಿಷಯ ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಯಾರೂ ನಗಲಿಲ್ಲ. ಹಾಜರಾಬಿ ನಿಧಾನ ತಿರುಗಿ ಸೊಸೆಯ ಮುಖ ನೋಡಿದಳು. ಹುಸ್ನಾ ನನ್ನ ಮುಖ ನೋಡಿದಳು. ನಾನು ಸ್ಕೂಟರ್ ಹತ್ತಿದೆ.

ಮಾರ್ಚ್ ೧೦, ಮಂಗಳವಾರ

ಹೊರಗೆ ಹೋಗಿಲ್ಲ. ರಮಾಕಾಂತರು ಮೂರು ಸಲ "ನನಗೇನ ಗೊತ್ತಿತ್ತು" ಎಂದಿದ್ದಾರೆ.

ಮಾರ್ಚ್ ೧೨, ಗುರುವಾರ

ಮಧ್ಯಾಹ್ನ ಹುಸ್ನಾ ಬಂದಳು. ಕೂಡು ಎಂದರೂ ಕೂಡಲಿಲ್ಲ.

"ಯಾಕ ಹೂಂ ಅಂದ್ರಿ ಅಕ್ಕೋರ?"

ಏನೇನೋ ಹೇಳಬಹುದಿತ್ತು. "ನೀವು ಕೇಳಿದ್ರಿ. ಭಾಳ ದಿನದ ಮ್ಯಾಲೆ ಯಾರೋ ನನ್ನ ಏನೋ ಕೇಳಿದ್ರು."

"ಅದಕ್ಕ?"

"ಅದಕ್ಕ."

ಹುಸ್ನಾ ಆಮೇಲೆ ತಾನೇ ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ನಾನು ಆಗಿರುವ ನಷ್ಟವನ್ನೆಲ್ಲ ತುಂಬಿಕೊಡುತ್ತೇನೆ ಎಂದೆ.

"ರೊಕ್ಕ ನೀವ ಇಟಗೋರಿ. ಸಭಾದವರ ಮುಂದ ನಾ ರೊಕ್ಕ ಇಸಗೊಂಡೆ ಅಂತಾದ್ರ ಖೋಲಿ ಯಾರ ಕೊಡ್ತಾರ? ಉಪ್ಪಾದ ಖಾರ ಎಲ್ಲಾ ವಾಪಸ್ ತರ್ಸೇನಿ. ಅಷ್ಟ ಖಾರ ಉಪ್ಪಿಲ್ಲದ್ದು ಮತ್ತ ಕುಟ್ಟಿಸಿ ಅದರಾಗ ಕೂಡಿಸಿದ್ರ ಸಮ ಆಕೈತಿ. ಶಂಭುಲಿಂಗಣ್ಣ ಮೆಣಸಿನಕಾಯಿ ಕೊಡ್ಸತೇನಿ, ಮಾರಿದ ಮ್ಯಾಲ ಕೊಡ್ರಿ ಅಂದಾನ. ಆದರ ಅಷ್ಟೂ ಕಾಯಿ ತೊಟ್ಟು ಮುರೀಬೇಕು. ಅಮ್ಮೀ ಕೈ ಬಾತಾವ. ನಿಮ್ಮ ನಾಲಿಗಿ ಬ್ಯಾಡ, ಕೈ ಬೇಕು."

ಬಾಗಿಲಲ್ಲಿ ನಿಂತು, "ಅಮ್ಮಿ ನನಗ ಮಾಫಿ ಕೇಳಿದ್ಲು," ಎಂದಳು. "ಹನ್ನೊಂದ ವರ್ಷದಾಗ ಮೊದಲನೇ ಸಲ. ಅದೊಂದ ನಿಮ್ಮಿಂದ ಛಲೋ ಆತು." ಆಗಲೂ ನಗಲಿಲ್ಲ.

ಮಾರ್ಚ್ ೧೫, ಭಾನುವಾರ

ಬೆರಳೆಲ್ಲ ಉರಿಯುತ್ತಿವೆ, ಅಕ್ಷರ ಸೊಟ್ಟಾಗುತ್ತಿವೆ.

ಪ್ರಾರ್ಥನೆಯ ಕೊನೆಯಲ್ಲಿ ಸಿಸ್ಟರ್ ಎದ್ದು ನಿಂತು, "ಉಪವಾಸ ಮಾಡಾಕತ್ತೇವಿ ಅಂತ ಊರೆಲ್ಲಾ ಹೇಳ್ಕೋತ ತಿರಗತೇವಿ, ಹಾಲ್‌ನ್ಯಾಗ ಮೆಣಸಿನಕಾಯಿ ಬಿದ್ದಾವ, ಕೈ ಇದ್ದವರು ಬರ್ರಿ," ಎಂದರಂತೆ. ಅಷ್ಟು ಜನ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಚಾಪೆ ಸಾಲಲಿಲ್ಲ. ಹೊಸ ಸೀರೆಯವರು, ಕನ್ನಡಕದವರು, ಪಾಸ್ಟರಮ್ಮನವರು, ಎಲ್ಲರೂ ತೊಟ್ಟು ಮುರಿಯುತ್ತ, ಸೀನುತ್ತ, ಕಣ್ಣು ಮುಟ್ಟಿಕೊಂಡು ಅಳುತ್ತ ಕೂತೆವು. ದಾನಿಯೇಲಪ್ಪನವರು ಉಸ್ತುವಾರಿಗೆಂದು ಬಂದು, ಐದು ಸಲ ಸೀನಿ, ಕೊನೆಗೆ ಕೂತರು.

"ಏನರ ಹೇಳ್ರಿ ಅಕ್ಕೋರ," ಎಂದಳು ಹುಲಿಗೆವ್ವ. "ಬರೇ ಸೀನೂದ ಕೇಳಿ ಕೇಳಿ ಬ್ಯಾಸರ ಆಗೇತಿ."

ನನಗೆ ಬಾಯಿಪಾಠವಿರುವುದು ಕವಿತೆಗಳು ಮಾತ್ರ. ಒಂದು ಹೇಳಿದೆ.

"ಅರ್ಥ ಆಗಲಿಲ್ಲ ಖರೇ. ಇನ್ನೊಂದ ಹೇಳ್ರಿ, ಕೈ ಓಡಾಕತ್ತಾವ."

ಎಷ್ಟು ಹೇಳಿದೆನೋ. ಗಂಟಲು ಕಟ್ಟಿದೆ.

ಮಧ್ಯಾಹ್ನ ಮತ್ತೆ ಅದೇ ಪ್ರಶ್ನೆ: ರುಚಿ ನೋಡುವವರು ಯಾರು? ಯಾರೂ ನನ್ನ ಕಡೆ ನೋಡಲಿಲ್ಲ, ಅದಕ್ಕಾಗಿ ಮನಸ್ಸಿನಲ್ಲೇ ಕೈಮುಗಿದೆ.

"ನನಗ ಸಕ್ಕರಿ ಬ್ಯಾನಿ," ಎಂದರು ದಾನಿಯೇಲಪ್ಪನವರು ಮೆಣಸಿನಕಾಯಿಯಿಂದ ಕಣ್ಣೆತ್ತದೆ. "ಡಾಕ್ಟರು ಉಪವಾಸ ಬ್ಯಾಡ ಅಂದಾರ. ನಾ ನೋಡ್ತೇನಿ."

"ಮೊದಲ ಹೇಳಬಾರದೇನ್ರಿ ಕಾಕಾ?" ಸಿಸ್ಟರ್ ಸಿಡಿದರು.

"ನನ್ನ ಯಾರ ಕೇಳಿದ್ರಿ?"

ಮಾರ್ಚ್ ೨೧, ಶನಿವಾರ

ಗುರುವಾರ ಯುಗಾದಿ, ಇವತ್ತು ರಮಜಾನ್ ಹಬ್ಬ. ನಡುವೆ ಖಾರ ಕೂಡಿಸಿ, ಕಟ್ಟಿ, ಮನೆಮನೆಗೆ ಮುಟ್ಟಿಸಿದ್ದಾಯಿತು. ಒಂದಕ್ಕೆ ಎರಡಾಗಿದ್ದರಿಂದ ಉಳಿದದ್ದೇ ಒಂದು ರಾಶಿ. ಸಭೆಯವರು ಧಾರವಾಡ, ಗದಗದ ಬೀಗರಿಗೆಲ್ಲ ಹೇಳಿ ಸಾಗಹಾಕುತ್ತಿದ್ದಾರೆ. ದಾನಿಯೇಲಪ್ಪನವರು ಸಿಕ್ಕವರಿಗೆಲ್ಲ "ಉಪ್ಪು ನಾ ನೋಡೇನಿ" ಎಂದು ಹೇಳುತ್ತಾರೆ.

ಹುಸ್ನಾ ಡಬ್ಬಿಯಲ್ಲಿ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಕಳಿಸಿದ್ದಳು. ರಮಾಕಾಂತರು ಬಹಳ ಸಿಹಿ ಎಂದರು. ಸಿಹಿ ಸರಿಯಾಗಿಯೇ ಇತ್ತು, ಏಲಕ್ಕಿ ಮಾತ್ರ ಸ್ವಲ್ಪ ಮುಂದಾಗಿತ್ತು. ಡಬ್ಬಿ ಖಾಲಿ ಕೊಡಬಾರದು. ನಾಳೆ ಏನಾದರೂ ಮಾಡಿ ತುಂಬಿಸಿ ಕೊಡಬೇಕು. ಶಂಭುಲಿಂಗಣ್ಣನ ಗಿರಣಿಯ ಹತ್ತಿರ ಕಾಗದದ ಚೀಲ ಎಲ್ಲಿ ಅಗ್ಗ ಸಿಗುತ್ತವೆ ಎಂದು ವಿಚಾರಿಸಬೇಕು.

ಮಾರ್ಚ್ ೨೯, ಭಾನುವಾರ

ಇವತ್ತು ಗರಿಗಳ ಭಾನುವಾರ. ಮಕ್ಕಳು ತೆಂಗಿನ ಗರಿ ಹಿಡಿದು ಅಂಗಳದ ತುಂಬ ಓಡುತ್ತಿದ್ದರು. ಪ್ರಾರ್ಥನೆಯ ಮೇಲೆ ಕಮಿಟಿಯವರು ನನ್ನನ್ನು ಕರೆದರು. ಪಾಸ್ಟರರ ಕೋಣೆ, ಮೇಜಿನ ಸುತ್ತ ಗಂಡಸರು, ಒಂದು ಕುರ್ಚಿಯ ಮೇಲೆ ಸಿಸ್ಟರ್.

"ಖೋಲಿ ಕೊಡೂದಕ್ಕ ನಮ್ಮ ತಕರಾರಿಲ್ಲ," ಎಂದರು ದಾನಿಯೇಲಪ್ಪನವರು. "ಖಾರ ಛಲೋ ಆಗೇತಿ. ಆದರ ಆ ಹುಡಿಗಿ ಸಭಾದಾಕಿ ಅಲ್ಲ, ಸ್ವಂತ ಮನಿ ಇಲ್ಲ. ನಾಳೆ ಏನರ ಆದ್ರ ನಾವ್ಯಾರನ ಕೇಳೋಣು? ಕರಾರಿನಾಗ ನಿಮ್ಮ ಹೆಸರಿರಲಿ ಮೇಡಮ್ಮಾರ. ನೀವು ಓದಿದವರು, ಇದ ಓಣಿಯವರು."

ನಾನೇ ಕೆಡಿಸಿದ್ದು, ನಾನೇ ಸುಳ್ಳು ಹೇಳಿದ್ದು. ಆದರೂ ಹೆಸರು ನನ್ನದು! ಎದ್ದು ನಿಂತೆ. "ಬರೆಯೂದಿದ್ರ ಹುಸ್ನಾಳ ಹೆಸರು ಬರೀರಿ. ಇಲ್ಲಾಂದ್ರ ನನಗಿದರಾಗ ಪಾಲು ಬ್ಯಾಡ," ಎಂದೆ. ವಿಚಾರ ಮಾಡುತ್ತೇವೆ ಎಂದರು ಪಾಸ್ಟರರು.

ಬಹಳ ದಿನಗಳ ಮೇಲೆ ತಲೆಯೆತ್ತಿ ನಡೆದು ಮನೆಗೆ ಬಂದೆ. ಬಾಕಿ ತೀರಿದ ಹಾಗನಿಸಿದೆ.

ಏಪ್ರಿಲ್ ೧, ಬುಧವಾರ

ಸಾಕ್ಷಿಗೆ ಹುಸ್ನಾ ತಾನಾಗಿಯೇ ಎದ್ದಳು.

"ಈ ವಾರ ನನ್ನ ವ್ಯಾಪಾರದಾಗ ಏನಾತಂದ್ರ, ಅಕ್ಕೋರು ನನ್ನ ಖೋಲಿ ಕಳದ್ರು." ಧ್ವನಿ ಏರಲಿಲ್ಲ. "ಕಮಿಟಿಯವರು ಕೊಡಾಕ ಬಂದಿದ್ರು. ಇವರು ಒಲ್ಲೆ ಅಂದ್ರು. ಈಗ ಝೆರಾಕ್ಸಿನವರಿಗೆ ಕೊಡೂ ಮಾತು ನಡದೈತಂತ."

"ಹುಸ್ನಾ, ನಿನ್ನ ಹೆಸರಿರಬೇಕು ಅಂತ ನಾನು..." ಎಂದೆ.

"ಹೆಸರು ಕೇಳಿದ್ನೇನ್ರಿ ನಾ? ಒಲಿ ಕೇಳೇನಿ. ಅವತ್ತ ಹೂಂ ಅಂದು ಕೆಡಿಸಿದ್ರಿ, ಇವತ್ತ ಒಲ್ಲೆ ಅಂದು ಕೆಡಿಸಿದ್ರಿ. ಎರಡೂ ಸಲ ನನ್ನ ಕೇಳಲಿಲ್ಲ."

ಕೂತಳು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ. ನ್ಯಾಯದ ಪರ ನಿಂತದ್ದಕ್ಕೆ ಇದೇ ಏನು ಎನಿಸಿತು. ಮನೆಗೆ ಬಂದು ಅಕ್ಕಿ ತೊಳೆಯುವಾಗಲೂ ಅದೇ ಸಿಟ್ಟು. ಅನ್ನ ಇಳಿಸುವ ಹೊತ್ತಿಗೆ ಅದು ಇರಲಿಲ್ಲ. ಆ ಕೋಣೆಯಲ್ಲಿ ಎದ್ದು ನಿಂತಾಗ ನಾನು ನೋಡುತ್ತಿದ್ದದ್ದು ಆ ಗಂಡಸರ ಮುಖಗಳನ್ನು. ಹುಸ್ನಾ ಆಗ ಹೊರಗೆ ಪಾತ್ರೆ ತಿಕ್ಕುತ್ತಿದ್ದಳು. ಬಾಗಿಲಿಗೆ ನಾಲ್ಕು ಹೆಜ್ಜೆ.

ಏಪ್ರಿಲ್ ೨, ಗುರುವಾರ

ಬೈರಿದೇವರಕೊಪ್ಪಕ್ಕೆ ಹೋದೆ. ಖೋಲಿ ಎಂದರೆ ಖೋಲಿಯೇ. ಮಕಬೂಲಸಾಬ ಮಲಗಿದ್ದವನು ಏಳಲು ನೋಡಿದ, ಬೇಡ ಎಂದೆ. ಹಾಜರಾಬಿ ಚಹಾ ಇಟ್ಟಳು.

"ಏನು ಮಾಡಲಿ, ಹೇಳು," ಎಂದೆ ಹುಸ್ನಾಳಿಗೆ.

ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ತಮಾಷೆಗೆ ಕೇಳುತ್ತಿದ್ದೇನೋ ಎಂದು ತೂಗುತ್ತಿದ್ದಳೋ ಏನೋ. "ಹೋಗಿ ಹೂಂ ಅನ್ರಿ. ಹೆಸರು ನಿಮ್ಮದ ಹಾಕಲಿ. ನಾಕ ಮಂದಿ ನನ್ನ ಅಂಗಡಿ ನೋಡಲಿ, ಆಮ್ಯಾಲ ಹೆಸರು ಹೆಂಗ ತಗಸಬೇಕು ನನಗ ಗೊತ್ತೈತಿ."

"ನಂಗದು ಸರಿ ಅನಸೂದಿಲ್ಲ."

"ನಿಮಗ ಸರಿ ಅನಸಲಾರದ್ದು ಒಂದ ಮಾಡ್ರಿ, ನನ್ನ ಸಲುವಾಗಿ."

ಹಾಜರಾಬಿ ಕಪ್ಪು ಕೈಗಿಡುತ್ತ, "ಹೋಗ ಬೇಟಿ, ಲಗೂ ಹೋಗು," ಎಂದಳು. "ಝೆರಾಕ್ಸಿನಾಂವಗ ರೋಜಾ ಇಲ್ಲ ಲೆಂಟ್ ಇಲ್ಲ, ಮುಂಜಾನೆದ್ದು ಬರ್ತಾನ." ಚಹಾದಲ್ಲಿ ಶುಂಠಿ ಜಾಸ್ತಿಯಿತ್ತು, ಗಂಟಲಿಗೆ ಹಿತವಾಯಿತು.

ದಾನಿಯೇಲಪ್ಪನವರ ಮನೆಯಲ್ಲಿ ಹೊರಗಿನ ಕಟ್ಟೆಯ ಮೇಲೆ ಕಾಯಿಸಿದರು. ಬಂದು, "ಮೊನ್ನೆ ಒಲ್ಲೆ ಅಂದ್ರಿ. ಅಷ್ಟ ಮಂದ್ಯಾಗ ನಮ್ಮ ಮಾರಿಗೆ ಹೊಡದಂಗ ಅಂದ್ರಿ," ಎಂದರು.

"ಹೌದ್ರಿ. ತಪ್ಪಾತು. ಈಗ ಹೂಂ ಅನ್ನಾಕ ಬಂದೇನಿ."

"ಇದೂ ನೀವ ವಿಚಾರ ಮಾಡಿ ಹೇಳಾಕತ್ತೀರೋ ಏನು?"

"ಇಲ್ರಿ. ಹುಸ್ನಾ ಹೇಳಿ ಕಳಿಸ್ಯಾಳ."

ಮೀಸೆಯೊಳಗೆ ನಕ್ಕರೆನಿಸಿತು. ಪಾಸ್ಟರರಿಗೆ ಹೇಳುತ್ತೇನೆ, ನಾಳೆ ಗುಡ್‌ಫ್ರೈಡೇ, ಏನಿದ್ದರೂ ಹಬ್ಬದ ಮೇಲೆ ಎಂದರು. ಕೊಡುತ್ತೇವೆ ಎನ್ನಲಿಲ್ಲ.

ಏಪ್ರಿಲ್ ೫, ಭಾನುವಾರ

ಈಸ್ಟರ್. ನಸುಕಿನಲ್ಲಿ ಗಂಟೆ ಹೊಡೆದಾಗ ಎದ್ದಿದ್ದೆ. ರಮಾಕಾಂತರೂ ಬಂದರು, ನಾಷ್ಟಾ ಸಲುವಾಗಿ ಎಂದು ಅವರೇ ಒಪ್ಪಿಕೊಂಡರು. ಅಂಗಳದಲ್ಲಿ ಎಲ್ಲರೂ ಎಲ್ಲರ ಕೈಹಿಡಿದು ಹಬ್ಬದ ಮಾತಾಡುತ್ತಿದ್ದರು. ಹುಸ್ನಾ, ಹಾಜರಾಬಿ ಗೇಟಿನ ಹತ್ತಿರವೇ ನಿಂತಿದ್ದರು, ಒಳಗೆ ಬರಲಿಲ್ಲ. ನಾನೂ ಹೋಗಿ ಅವರ ಜೊತೆ ನಿಂತೆ.

ದಾನಿಯೇಲಪ್ಪನವರು ಎಲ್ಲರನ್ನೂ ಮಾತಾಡಿಸಿಕೊಂಡು, ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ನಮ್ಮ ಕಡೆ ಬಂದರು. ಕಿಸೆಯಿಂದ ಕೀಲಿ ತೆಗೆದರು. ಕರಾರಿನಲ್ಲಿ ನನ್ನ ಹೆಸರಿರುತ್ತದೆ, ಒಂದು ವರ್ಷ, ಆಮೇಲೆ ನೋಡೋಣ ಎಂದರು. ಕೀಲಿಯನ್ನು ನನ್ನ ಕಡೆ ಚಾಚಿದರು. ನಾನು ಕೈ ಹಿಂದಿಟ್ಟುಕೊಂಡೆ. ಅವರು ಒಂದು ಗಳಿಗೆ ನೋಡಿ ಹುಸ್ನಾಳ ಕೈಗೆ ಹಾಕಿದರು.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. "ಕಿಟಕಿ ಒಂದ ಐತಿ," ಎಂದಳು. "ಹೊಗಿ ಹೋಗಾಕ ಇನ್ನೊಂದ ಒಡಸಬೇಕು."

"ಬಂತು ನೋಡು!" ಎಂದರು ದಾನಿಯೇಲಪ್ಪನವರು ಸಿಸ್ಟರ್ ಕಡೆ ತಿರುಗಿ. "ಕೀಲಿ ಇನ್ನೂ ಬಿಸಿ ಐತಿ, ಗ್ವಾಡಿ ಒಡ್ಯಾಕ ನಿಂತ್ಲು."

ಏಪ್ರಿಲ್ ೬, ಸೋಮವಾರ

ದಿನವೆಲ್ಲ ಖೋಲಿಯ ಧೂಳು. ಹಳೆಯ ಕಪಾಟು, ಇಲಿ ಕಡಿದ ರಟ್ಟು, ಒಂದು ಮುರಿದ ಕುರ್ಚಿ. ಹಾಜರಾಬಿ ಆ ಕುರ್ಚಿಯ ಮೇಲೇ ಕೂತು ಒಲೆ ಎಲ್ಲಿರಬೇಕೆಂದು ಬೆರಳು ಮಾಡಿ ತೋರಿಸಿದಳು. ಹುಸ್ನಾ ಬೇರೆ ಕಡೆ ತೋರಿಸಿದಳು. ನನ್ನನ್ನು ಕೇಳಿದರು. ಮಕಬೂಲಸಾಬನನ್ನು ಕೇಳ್ರಿ, ಗಾಳಿ ಹೊಗೆಯ ಲೆಕ್ಕ ಗ್ಯಾರೇಜಿನವರಿಗೆ ಗೊತ್ತು ಎಂದೆ. ಫೋನ್ ಹಚ್ಚಿದರು. ಅವನು ಮೂರನೆಯ ಕಡೆ ಹೇಳಿದನಂತೆ. ಈಗ ಜಗಳ ಮೂವರದು.

ಮುಂದಿನ ವರ್ಷದ ಹುದ್ದೆಗಳಿಗೆ ಕಾಲೇಜಿನವರು ಅರ್ಜಿ ಕರೆದಿದ್ದರಂತೆ. ಕೊನೆಯ ದಿನ ಶನಿವಾರವೇ ಆಗಿಹೋಗಿದೆ. ರಮಾಕಾಂತರು ಊಟಕ್ಕೆ ಕೂತಾಗ ಹೇಳಿದರು. ಹೌದೇ ಎಂದೆ. ಬದನೆಕಾಯಿ ಪಲ್ಯ ಇನ್ನೊಂದಿಷ್ಟು ಬಡಿಸಿಕೊಂಡರು.

ನಾಳೆ ಗೋಡೆಗೆ ಸುಣ್ಣ ಹೊಡೆಯುವುದು. ಏಳಕ್ಕೇ ಬರಬೇಕಂತೆ, ಹಳೆಯ ಸೀರೆ ಉಟ್ಟುಕೊಂಡು. ಕಪಾಟು ತೆಗೆದು ನೋಡಿದರೆ ನನ್ನ ಹತ್ತಿರ ಹಳೆಯ ಸೀರೆ ಎಂಬುದೇ ಇಲ್ಲ. ಎಲ್ಲ ಕಾಲೇಜಿಗೆ ಉಡುತ್ತಿದ್ದ, ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆಗಳು. ನೀಲಿ ಇಳಕಲ್ ಒಂದನ್ನು ತೆಗೆದು ಕುರ್ಚಿಯ ಮೇಲಿಟ್ಟಿದ್ದೇನೆ. ಸೆರಗು ಗಟ್ಟಿ ಇದೆ, ಸೊಂಟಕ್ಕೆ ಸಿಕ್ಕಿಸಲು ಬರುತ್ತದೆ.